ಹಸಿವು ಹುಟ್ಟುವುದು ಹೊಟ್ಟೆಯಲ್ಲಲ್ಲ!

"ಡಾಕ್ಟ್ರೇ, ಮಗು ಊಟವನ್ನೇ ಮಾಡೋದಿಲ್ಲ. ಹಸಿವಾಗೋದಕ್ಕೆ ಒಂದು ಟಾನಿಕ್ ಬರೆದುಕೊಡಿ." ಈ ಮಾತು ಕೇಳದ ದಿನವೇ ಇಲ್ಲ. ಅವರ ಹಿಂದೆಯೇ ಬರುವವರ ದೂರು ಇದಕ್ಕೆ ತದ್ವಿರುದ್ಧ: "ಎಷ್ಟು ತಿಂದರೂ ಸಾಕು ಅನ್ನಿಸೋದೇ ಇಲ್ಲ." ಇಬ್ಬರೂ ಬೆರಳು ತೋರಿಸುವುದು ಹೊಟ್ಟೆಯ ಕಡೆಗೆ. ಆದರೆ ಹಸಿವಿನ ಕೀಲಿಕೈ ಇರುವುದು ತಲೆಯೊಳಗೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ದೇಶದವರೇ ಆದ ಡಾ. ಬಾಲ್ ಕೃಷನ್ ಆನಂದ್.

1917ರಲ್ಲಿ ಹುಟ್ಟಿದ ಆನಂದ್ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1950ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಜಾನ್ ಬ್ರೋಬೆಕ್ ಅವರೊಂದಿಗೆ ಸಂಶೋಧನೆಗೆ ತೊಡಗಿದರು. ಖಾಲಿ ಜಠರ ಹಿಂಡಿಕೊಳ್ಳುವುದೇ ಹಸಿವು ಎಂದು ಬಹುಕಾಲ ನಂಬಲಾಗಿತ್ತು. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೇ ತೆಗೆಸಿಕೊಂಡವರಿಗೂ ಹಸಿವಾಗುತ್ತಿತ್ತಲ್ಲ! ಹಾಗಾದರೆ ಹಸಿವು ಎಲ್ಲಿಂದ ಬರುತ್ತದೆ?

ಮೆದುಳಿನ ತಳದಲ್ಲಿ ಬಾದಾಮಿ ಬೀಜದಷ್ಟು ಪುಟ್ಟದಾದ ಹೈಪೋಥಲಾಮಸ್ ಎಂಬ ಭಾಗವಿದೆ. ಇದರ ಮಧ್ಯಭಾಗಕ್ಕೆ ಪೆಟ್ಟಾದರೆ ಇಲಿಗಳು ವಿಪರೀತ ಕೊಬ್ಬುತ್ತವೆ ಎಂದು 1940ರಲ್ಲಿ ಹೆದರಿಂಗ್‌ಟನ್ ಮತ್ತು ರಾನ್ಸನ್ ತೋರಿಸಿದ್ದರು. ಆನಂದ್ ಮತ್ತು ಬ್ರೋಬೆಕ್ 1951ರಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ಅಚ್ಚರಿಯದು. ಹೈಪೋಥಲಾಮಸ್‌ನ ಪಕ್ಕದ ಒಂದು ಚಿಕ್ಕ ಜಾಗವನ್ನು ಎರಡೂ ಕಡೆ ನಾಶಮಾಡಿದಾಗ ಇಲಿಗಳು ತಿನ್ನುವುದನ್ನೇ ನಿಲ್ಲಿಸಿಬಿಟ್ಟವು. ಮುಂದೆ ಆಹಾರವಿದ್ದರೂ ಮುಟ್ಟದೆ ಉಪವಾಸ ಬಿದ್ದು ಸತ್ತವು. ಒಂದೇ ಕಡೆ ನಾಶವಾದರೆ ಹೀಗಾಗುತ್ತಿರಲಿಲ್ಲ. ಪಕ್ಕದ ಈ ಜಾಗಕ್ಕೆ 'ಹಸಿವಿನ ಕೇಂದ್ರ' ಎಂದೂ, ಮಧ್ಯದ್ದಕ್ಕೆ 'ತೃಪ್ತಿಯ ಕೇಂದ್ರ' ಎಂದೂ ಹೆಸರು ಬಂತು. 1953ರಲ್ಲಿ ಆನಂದ್ ಮತ್ತು ಡೆಲ್ಗಾಡೋ, ಹಸಿವಿನ ಕೇಂದ್ರಕ್ಕೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿದರೆ ಬೆಕ್ಕುಗಳು ಹೆಚ್ಚು ತಿನ್ನುತ್ತವೆ ಎಂದು ವರದಿ ಮಾಡಿದರು.

ಇಲಿಯ ಮಾತು ಮನುಷ್ಯನಿಗೆ ಅನ್ವಯಿಸುತ್ತದೆಯೇ ಎಂದು ನೀವು ಕೇಳಬಹುದು. ಆನಂದ್ ಅವರಿಗೂ ಅದೇ ಪ್ರಶ್ನೆ. ಸ್ವದೇಶಕ್ಕೆ ಮರಳಿ, ನಮಗೆ ಹತ್ತಿರದ ಸಂಬಂಧಿಗಳಾದ ಕೋತಿಗಳನ್ನು ಪರೀಕ್ಷಿಸಿದರು. ಅವುಗಳಲ್ಲೂ ಇದೇ ವ್ಯವಸ್ಥೆ ಇರುವುದು 1955ರಲ್ಲಿ ಪ್ರಕಟವಾಯಿತು. 1956ರಲ್ಲಿ ಸ್ಥಾಪನೆಯಾದ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗವನ್ನು ಕಟ್ಟಿದವರೂ ಅವರೇ. ರಕ್ತದಲ್ಲಿ ಸಕ್ಕರೆ ಏರಿದಾಗ ತೃಪ್ತಿಯ ಕೇಂದ್ರ ಚುರುಕಾಗಿ ಹಸಿವಿನ ಕೇಂದ್ರ ಮಂದವಾಗುತ್ತದೆ ಎಂಬುದನ್ನು ಸಂಗಡಿಗರೊಂದಿಗೆ 1962ರಲ್ಲಿ ತೋರಿಸಿದರು. ಯೋಗಿಗಳ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದವರಲ್ಲೂ ಅವರು ಮೊದಲಿಗರ ಸಾಲಿನವರು. 2007ರಲ್ಲಿ ಅವರು ತೀರಿಕೊಂಡರು.

ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. ಹಸಿವೆಂಬುದು ಒಂದೇ ಗುಂಡಿ ಒತ್ತಿದರೆ ಹೊತ್ತುವ ದೀಪವಲ್ಲ, ಹಲವು ನರತಂತುಗಳ ಜಾಲ ಎಂದು ಈಗ ತಿಳಿದಿದೆ. ನಾಶಮಾಡಿದ ಜಾಗದ ಮೂಲಕ ಬೇರೆ ನರತಂತುಗಳೂ ಹಾದುಹೋಗುತ್ತವೆ. ಇಲಿಗಳು ಊಟ ಬಿಟ್ಟದ್ದಕ್ಕೆ ಅವುಗಳಿಗಾದ ಪೆಟ್ಟೂ ಕಾರಣ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ 'ದಾಸ್ತಾನು ಸಾಕಷ್ಟಿದೆ' ಎಂದು ಮೆದುಳಿಗೆ ಸುದ್ದಿ ಕಳಿಸುವುದು 1994ರಲ್ಲಿ ಬೆಳಕಿಗೆ ಬಂತು. ಆದರೂ ಹುಡುಕಬೇಕಾದ್ದು ಎಲ್ಲಿ ಎಂಬ ದಾರಿ ತೋರಿಸಿದ್ದು ಆನಂದ್ ಅವರಂಥವರ ಕೆಲಸವೇ.

ಇದರಿಂದ ನಿಮಗೇನು ಪ್ರಯೋಜನ? ಮೊದಲನೆಯದಾಗಿ, ಮಗುವನ್ನು ಗದರಿಸಿ ತುತ್ತು ತುರುಕಬೇಡಿ. ಒಂದು ವರ್ಷ ದಾಟಿದ ಮೇಲೆ ಬೆಳವಣಿಗೆಯ ವೇಗ ತಗ್ಗುವುದರಿಂದ ಹಸಿವೂ ತಗ್ಗುತ್ತದೆ. ಮಗು ಆಡಿಕೊಂಡು, ವಯಸ್ಸಿಗೆ ತಕ್ಕಂತೆ ತೂಕ ಏರುತ್ತಿದ್ದರೆ ಟಾನಿಕ್ ಬೇಡ. ಅದರ ಮೆದುಳು ಲೆಕ್ಕ ಸರಿಯಾಗಿಯೇ ಇಟ್ಟಿರುತ್ತದೆ.

ಎರಡನೆಯದಾಗಿ, ದಪ್ಪಗಿರುವವರನ್ನು 'ಬಾಯಿಚಪಲ' ಎಂದು ಹೀಯಾಳಿಸಬೇಡಿ. ತೂಕ ಇಳಿಸಲು ಹೊರಟವರು ಬರಿಯ ನಾಲಿಗೆಯೊಂದಿಗಲ್ಲ, ತಮ್ಮ ಮೆದುಳಿನೊಂದಿಗೇ ಹೋರಾಡುತ್ತಿರುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮನೆಯ ಹಿರಿಯರು "ಯಾಕೋ ಊಟ ಸೇರುತ್ತಿಲ್ಲ" ಎಂದರೆ ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಎರಡು ವಾರ ಕಳೆದರೂ ಹಸಿವು ಮರಳದಿದ್ದರೆ, ಅಥವಾ ಬಟ್ಟೆ ಸಡಿಲವಾಗತೊಡಗಿದರೆ ವೈದ್ಯರಿಗೆ ತೋರಿಸಿ. ಕ್ಷಯ, ಪಿತ್ತಕೋಶ ಅಥವಾ ಮೂತ್ರಪಿಂಡದ ತೊಂದರೆ, ಕ್ಯಾನ್ಸರ್, ಮನಸ್ಸಿನ ಖಿನ್ನತೆ, ಕೆಲವೊಮ್ಮೆ ದಿನನಿತ್ಯ ನುಂಗುವ ಮಾತ್ರೆಗಳೂ ಹಸಿವನ್ನು ಕಸಿಯುತ್ತವೆ. ಟಾನಿಕ್ ಕುಡಿಸುತ್ತಾ ಕಳೆದ ಎರಡು ತಿಂಗಳು ಆಮೇಲೆ ಮರಳಿ ಸಿಗುವುದಿಲ್ಲ.