ಲೋಟ ತೊಳೆಯುವ ಹುಡುಗನ ಖಾತೆ

ಬರಿಗೈಯಲ್ಲಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ತಾನೇ ಹೋಟೆಲ್ ಧನಿಯಾದವರ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸಂಘದ ವಾರ್ಷಿಕೋತ್ಸವದಲ್ಲಿ ಅದನ್ನು ಕೇಳುತ್ತೇವೆ, ಚಪ್ಪಾಳೆಯನ್ನೂ ತಟ್ಟುತ್ತೇವೆ. ಕಥೆ ಸುಳ್ಳಲ್ಲ. ಆದರೆ ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಒಂದು ಸಂಶಯ: ಇದು ಬರೀ ಜಮೆ ಬರೆದು ಖರ್ಚು ಬರೆಯದ ಖಾತೆ ಅಲ್ಲವೆ? ಧನಿಯಾದವನು ವೇದಿಕೆಯ ಮೇಲಿದ್ದಾನೆ. ಅವನ ಪಕ್ಕದಲ್ಲೇ ನಿಂತು ಲೋಟ ತೊಳೆದ ಉಳಿದ ಹುಡುಗರೆಲ್ಲ ಎಲ್ಲಿ ಹೋದರು? ಅವರನ್ನು ಹಾರ ಹಾಕಲು ಯಾರೂ ಕರೆಯುವುದಿಲ್ಲ.

ಮಕ್ಕಳು ಯಾಕೆ ದುಡಿಯುತ್ತಾರೆ ಅಂತ ಕೇಳಿದರೆ 'ಬಡತನ' ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಅದು ಅರ್ಧ ಉತ್ತರ. ಬಡತನ ಹುಡುಗನನ್ನು ಮನೆಯಿಂದ ಹೊರಗೆ ದೂಡಬಹುದು. ಆದರೆ ಅವನನ್ನು ಒಳಗೆ ಕರೆದುಕೊಳ್ಳುವವನು ಒಬ್ಬ ಬೇಕಲ್ಲ! ಅವನ ಲೆಕ್ಕ ನೋಡಿ. ದೊಡ್ಡವನನ್ನು ಇಟ್ಟುಕೊಂಡರೆ ಸಂಬಳ ಹೆಚ್ಚು ಕೇಳುತ್ತಾನೆ, ಮನೆಗೆ ಹೋಗಬೇಕು ಅನ್ನುತ್ತಾನೆ, ಬೈದರೆ ತಿರುಗಿ ಮಾತಾಡುತ್ತಾನೆ. ಹನ್ನೆರಡು ವರ್ಷದ ಹುಡುಗ ಇದ್ಯಾವುದನ್ನೂ ಮಾಡುವುದಿಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿಕೊಂಡು ಮಲಗುತ್ತಾನೆ. ರುಬ್ಬುವ ಯಂತ್ರಕ್ಕಾದರೂ ವರ್ಷ ವರ್ಷ ಸವಕಳಿ ಬರೆಯುತ್ತೇವೆ; ಹುಡುಗನ ಬೆನ್ನಿಗೆ ಬರೆಯುವುದಿಲ್ಲ. ಇನ್ನೊಂದು ಮಾತು. ಅಗ್ಗದ ಹುಡುಗ ಸಿಗುತ್ತಿರುವ ತನಕ ಅದೇ ಕೆಲಸಕ್ಕೆ ಬರುವ ದೊಡ್ಡವನ ಕೂಲಿ ಏರುವುದಿಲ್ಲ. ಅವನ ಕೂಲಿ ಏರದಿದ್ದರೆ ಅವನ ಮಗನೂ ದುಡಿಯಲು ಬರಬೇಕಾಗುತ್ತದೆ. ಬಡತನದಿಂದ ಬಾಲದುಡಿಮೆ ಅನ್ನುತ್ತೇವೆ. ಬಾಲದುಡಿಮೆಯಿಂದ ಬಡತನ ಅಂತಲೂ ಹೇಳಬೇಕು.

ಇದರ ಜೊತೆಗೆ ಮುಂಗಡ. ಅಪ್ಪ ಯಾರಿಂದಲೋ ಹಣ ತೆಗೆದುಕೊಂಡಿರುತ್ತಾನೆ, ಮಗ ಅದನ್ನು ತೀರಿಸುತ್ತಾನೆ. ಹದಿನೈದು ತುಂಬದ ಮಕ್ಕಳ ದುಡಿಮೆಯನ್ನು ಹೀಗೆ ಒತ್ತೆ ಇಡುವಂತಿಲ್ಲ ಅಂತ 1933ರಲ್ಲೇ ಬ್ರಿಟಿಷ್ ಸರಕಾರ ಕಾನೂನು ಮಾಡಿತು. ಮುಂಗಡ ಮಾತ್ರ ನಿಲ್ಲಲಿಲ್ಲ.

ನಮ್ಮ ಹಿರಿಯರು ಈ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ಕಟ್ಟಿದರು. ಅದು ಸಣ್ಣ ಕೆಲಸವಲ್ಲ. ಆದರೂ ಹಗಲೆಲ್ಲ ನಿಂತು ದುಡಿದ ಹುಡುಗ ರಾತ್ರಿ ಬೆಂಚಿನ ಮೇಲೆ ಕೂತರೆ ಮೊದಲು ಬರುವುದು ನಿದ್ದೆ, ಆಮೇಲೆ ಮಗ್ಗಿ. ರಾತ್ರಿ ಶಾಲೆ ಹಗಲಿನ ದುಡಿಮೆಯನ್ನು ಪ್ರಶ್ನೆ ಮಾಡಲಿಲ್ಲ ಅನ್ನುವುದೂ ಅಷ್ಟೇ ನಿಜ.

ಈಗ ನಿಜವಾಗಿ ಯೋಚಿಸಬೇಕಾದ ಸಂಗತಿಗೆ ಬರೋಣ. ಇಂದು ಮುಂಬಯಿಯ ಉಡುಪಿ ಹೋಟೆಲಿಗೆ ಹೋಗಿ ನೋಡಿದರೆ ಲೋಟ ಎತ್ತುವವರಲ್ಲಿ ನಮ್ಮ ಕರಾವಳಿಯ ಹುಡುಗರು ಅಪರೂಪ. ಇದು ಕಾನೂನಿನಿಂದ ಆದದ್ದೇ? 1986ರ ಬಾಲಕಾರ್ಮಿಕ ಕಾಯಿದೆಯ ನಿಷೇಧದ ಪಟ್ಟಿಗೆ ಹೋಟೆಲು, ಢಾಬಾ, ಚಹಾದಂಗಡಿಗಳು ಮತ್ತು ಮನೆಗೆಲಸ ಸೇರಿದ್ದು 2006ರ ಅಕ್ಟೋಬರ್ 10ರಂದು. ನಮ್ಮ ಹುಡುಗರು ಬರುವುದು ಅದಕ್ಕೆ ಎಷ್ಟೋ ಮೊದಲೇ ಕಡಿಮೆಯಾಗಿತ್ತು. ಊರಿನಲ್ಲಿ ಬೇರೇನೋ ಆಗಿತ್ತು. 1974ರ ಭೂಸುಧಾರಣೆಯ ನಂತರ ಗೇಣಿ ಒಕ್ಕಲುಗಳಿಗೆ ಜಮೀನು ಸಿಕ್ಕಿತು. ನಡೆದು ಹೋಗುವ ದೂರದಲ್ಲಿ ಶಾಲೆಗಳಾದವು. ಅಮ್ಮಂದಿರು ಬೀಡಿ ಕಟ್ಟಿ ನಾಲ್ಕು ಕಾಸು ತಂದರು (ಸಂಜೆ ಅದೇ ಬೀಡಿಯ ಎಲೆ ಕತ್ತರಿಸಲು ಮಕ್ಕಳೂ ಕೂತರು, ಅದನ್ನೂ ಮರೆಯಬಾರದು). 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡ 88 ದಾಟಿದೆ. ಬಿಹಾರದ್ದು 62 ಮುಟ್ಟಿಲ್ಲ. ನಮ್ಮ ಹುಡುಗ ಬಿಟ್ಟ ಜಾಗಕ್ಕೆ ಉತ್ತರದಿಂದ, ಪೂರ್ವದಿಂದ ಇನ್ನೊಬ್ಬ ಬಂದು ನಿಂತಿದ್ದರೆ ಆಶ್ಚರ್ಯವೇನು? ಹುಡುಗ ಬದಲಾದ, ಮೋರಿ ಅದೇ.

ಹಾಗಂತ ಕಾನೂನು ಬೇಡ ಎಂದಲ್ಲ. 2016ರ ತಿದ್ದುಪಡಿಯಿಂದ ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ಅಪಾಯವಿಲ್ಲದ ಮನೆತನದ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕೈಗೂಡಿಸಬಹುದು ಅಂತ ಒಂದು ಕಿಂಡಿಯನ್ನೂ ಬಿಟ್ಟಿದ್ದಾರೆ. ಆ 'ಕುಟುಂಬ'ದಲ್ಲಿ ಚಿಕ್ಕಪ್ಪ, ಸೋದರಮಾವ, ಅತ್ತೆ ಎಲ್ಲರೂ ಸೇರುತ್ತಾರೆ. ನಮ್ಮ ದೇಶದಲ್ಲಿ ಸೋದರಮಾವ ಆಗುವುದಕ್ಕೆ ಎಷ್ಟು ಹೊತ್ತು ಬೇಕು? ಆ ಹುಡುಗ ಹಗಲು ಶಾಲೆಗೆ ಹೋಗಿದ್ದನೋ ಇಲ್ಲವೋ ಅಂತ ನೋಡುವವರು ಯಾರು?

ಶಿವಕಾಶಿಯ ಬೆಂಕಿಪೆಟ್ಟಿಗೆ, ಪಟಾಕಿ ಕೆಲಸದ ಮಕ್ಕಳ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ನನಗೆ ಹೆಚ್ಚು ಸರಿ ಕಾಣುತ್ತದೆ. ಮಾಲೀಕ ಮಗುವೊಂದಕ್ಕೆ 20,000 ರೂಪಾಯಿ ಕಟ್ಟಬೇಕು. ಮಗುವಿನ ಬದಲು ಆ ಮನೆಯ ದೊಡ್ಡವರೊಬ್ಬರಿಗೆ ಸರಕಾರ ಕೆಲಸ ಕೊಡಿಸಬೇಕು, ಆಗದಿದ್ದರೆ ತಾನು 5,000 ಸೇರಿಸಬೇಕು. ಮಗುವನ್ನು ಬಿಡಿಸಿದರೆ ಸಾಲದು, ಮನೆಯ ಒಲೆಗೆ ಬೇರೆ ದಾರಿ ಬೇಕು ಅನ್ನುವುದನ್ನು ಆ ತೀರ್ಪು ತಿಳಿದಿತ್ತು. ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟ ಕೊಡಬೇಕೆಂದು 2001ರಲ್ಲಿ ಬಂದ ಆದೇಶವೂ ಇದೇ ಜಾತಿಯದು. ಎಷ್ಟೋ ಮನೆಗಳಲ್ಲಿ ಹೋಟೆಲ್ ಕೆಲಸದ ಮೊದಲ ಆಕರ್ಷಣೆ ಸಂಬಳ ಅಲ್ಲ, ಊಟ.

ನಮ್ಮಂಥವರು ಏನು ಮಾಡಬಹುದು? ಮಕ್ಕಳ ಸಹಾಯಕ್ಕೆ 1098 ಅನ್ನುವ ಫೋನ್ ನಂಬರ್ 1996ರಲ್ಲಿ ಶುರುವಾದದ್ದು ಇದೇ ಮುಂಬಯಿಯಲ್ಲಿ. ಈಗ ದೇಶಕ್ಕೆಲ್ಲ ಇದೆ, ದುಡ್ಡು ಬೀಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆಯವರು ಹುಡುಗನನ್ನು ವಾಪಸು ಕಳಿಸುವಂತಿಲ್ಲ. ಓದು ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು. ಭಾಷೆಯ ತೊಂದರೆಯೂ ಇಲ್ಲ, ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ನಾನು ಕನ್ನಡ ಕಲಿತದ್ದು ಅಂಥದ್ದೊಂದರಲ್ಲೇ.

ವಯಸ್ಸು ಎಷ್ಟು ಅಂತ ಕೇಳಿದರೆ ಮೇಜು ಒರೆಸುವ ಹುಡುಗ ಗಲ್ಲಾದ ಕಡೆ ಒಮ್ಮೆ ನೋಡಿ 'ಹದಿನೈದು' ಅನ್ನುತ್ತಾನೆ. ಹಾಗೆ ಕೇಳಬೇಡಿ. ಎಷ್ಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ, ಬಿಟ್ಟು ಎಷ್ಟು ದೀಪಾವಳಿ ಆಯ್ತು ಅಂತ ಕೇಳಿ. ಕೂಡುವ ಲೆಕ್ಕ ನಮಗೆ ಬರುತ್ತದೆ.