ಪಾಸ್‌ಪೋರ್ಟ್ ಕೈಯಲ್ಲಿ, ಓಟು ಊರಲ್ಲಿ

2024ರ ಏಪ್ರಿಲ್ 26. ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ರಾತ್ರಿ ಚರ್ಚೆ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದರೆ ಕುವೈತ್‌ನಿಂದ ಫೋನು. ಅರಕಲಗೂಡು ಕಡೆಯ ಹುಡುಗ.

"ಸಾರ್, ಅಮ್ಮ ಓಟು ಹಾಕಿ ಬೆರಳು ತೋರಿಸ್ಕೊಂಡು ಫೋಟೋ ಕಳಿಸಿದ್ರು. ನಂಗ್ಯಾಕೆ ಇಲ್ಲ? ನಾನು ಈ ದೇಶದವನಲ್ವಾ?"

ಖಂಡಿತ ಈ ದೇಶದವನೇ. ಅವನಿಗೂ ಓಟಿದೆ. ಆದರೆ ಹೇಗಿದೆ ಅನ್ನೋದನ್ನ ಕೇಳಿ.

ಮೊದಲೆಲ್ಲ ದುಡಿಯೋಕೆ ಹೊರದೇಶಕ್ಕೆ ಹೋದವರು 'ಊರಲ್ಲಿ ವಾಸ ಇಲ್ಲ' ಅಂತ ಪಟ್ಟಿಯಿಂದ ಹೊರಗೆ. 2010ರಲ್ಲಿ ಜನಪ್ರತಿನಿಧಿ ಕಾಯ್ದೆಗೆ 20ಎ ಕಲಂ ಸೇರಿತು, 2011ರಲ್ಲಿ ಜಾರಿಗೆ ಬಂತು. ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ ಭಾರತೀಯರು ನಮೂನೆ 6ಎ ತುಂಬಿದರೆ ಪಟ್ಟಿಯಲ್ಲಿ ಹೆಸರು ಬರುತ್ತೆ. ಆನ್‌ಲೈನಲ್ಲೇ ತುಂಬಬಹುದು. ಒಸಿಐ ಕಾರ್ಡ್ ಇರೋರಿಗೆ ಮಾತ್ರ ಇದು ಇಲ್ಲ.

ಯಾವ ಊರಿನ ಪಟ್ಟಿ? ಪಾಸ್‌ಪೋರ್ಟಿನಲ್ಲಿರೋ ವಿಳಾಸದ್ದು. ಚನ್ನರಾಯಪಟ್ಟಣದ ವಿಳಾಸ ಇದ್ದರೆ ಶ್ರವಣಬೆಳಗೊಳ ವಿಧಾನಸಭಾ ಕ್ಷೇತ್ರ. ಹೊಳೆನರಸೀಪುರ, ಅರಕಲಗೂಡಿಗೆ ಅದದೇ ಹೆಸರಿನ ಕ್ಷೇತ್ರಗಳಿವೆ. ಬೆಂಗಳೂರಿನ ಬಾಡಿಗೆ ಮನೆ ವಿಳಾಸ ಕೊಟ್ಟು ಪಾಸ್‌ಪೋರ್ಟ್ ಮಾಡಿಸಿದ್ರಾ? ಹಾಗಾದ್ರೆ ಓಟು ಬೆಂಗಳೂರಲ್ಲೇ, ಹಾಸನದಲ್ಲಲ್ಲ.

ಇಲ್ಲಿವರೆಗೆ ಸರಿ. ತೊಡಕು ಮುಂದಿದೆ. ಹೆಸರಿದ್ದರೆ ಸಾಲದು, ಮತದಾನದ ದಿನ ಅಸಲಿ ಪಾಸ್‌ಪೋರ್ಟ್ ಹಿಡ್ಕೊಂಡು ಅದೇ ಬೂತಿಗೆ ಬರಬೇಕು. ಕುವೈತ್‌ನಿಂದ ದೇವನಹಳ್ಳಿಗೆ ವಿಮಾನ, ಅಲ್ಲಿಂದ ನೆಲಮಂಗಲ, ಕುಣಿಗಲ್, ಹಿರೀಸಾವೆ, ಚನ್ನರಾಯಪಟ್ಟಣ ದಾಟಿ ಹಾಸನ, ಆಮೇಲೆ ಅರಕಲಗೂಡು. ಒಂದು ಓಟಿಗೆ ಇಷ್ಟು ಖರ್ಚು ಮಾಡೋ ಶಕ್ತಿ ಎಷ್ಟು ಕೂಲಿ ಕಾರ್ಮಿಕರಿಗಿದೆ ಸ್ವಾಮಿ?

ಲೆಕ್ಕವೇ ಹೇಳುತ್ತೆ. 2024ರಲ್ಲಿ ಇಡೀ ದೇಶದಲ್ಲಿ ನೋಂದಾಯಿಸಿಕೊಂಡಿದ್ದ ಅನಿವಾಸಿ ಮತದಾರರು 1,19,374. ಬಂದು ಓಟು ಹಾಕಿದವರು 2,958. ಅದರಲ್ಲಿ 2,670 ಕೇರಳದಲ್ಲೇ.

ದಾರಿ ಇಲ್ಲವಾ? ಇದೆ. ಗಡಿಯಲ್ಲಿರೋ ಸೈನಿಕರಿಗೆ, ವಿದೇಶದ ರಾಯಭಾರ ಕಚೇರಿಗಳಲ್ಲಿರೋ ನಮ್ಮ ನೌಕರರಿಗೆ ಮತಪತ್ರ ಇಂಟರ್ನೆಟ್‌ನಲ್ಲಿ ಹೋಗುತ್ತೆ, ಅಂಚೆಯಲ್ಲಿ ವಾಪಸ್ ಬರುತ್ತೆ. ಅನಿವಾಸಿಗಳಿಗೂ ಕೊಡೋಣ ಅಂತ 2020ರಲ್ಲಿ ಚುನಾವಣಾ ಆಯೋಗವೇ ಪ್ರಸ್ತಾಪ ಮಾಡಿತು. ಅದಕ್ಕೂ ಮೊದಲು, 2018ರಲ್ಲಿ, ಬದಲಿ ವ್ಯಕ್ತಿಯಿಂದ ಓಟು ಹಾಕಿಸೋ ಮಸೂದೆ ಲೋಕಸಭೆಯಲ್ಲಿ ಪಾಸಾಗಿತ್ತು. ರಾಜ್ಯಸಭೆ ದಾಟಲಿಲ್ಲ, 2019ರಲ್ಲಿ ಬಿದ್ದುಹೋಯ್ತು.

ಆತಂಕವೂ ಇದೆ, ಮುಚ್ಚಿಡಬಾರದು. ಕಾರ್ಮಿಕರ ಕ್ಯಾಂಪಿನಲ್ಲಿ ಮಾಲೀಕನ ಕಣ್ಣೆದುರು ಮತಪತ್ರ ತುಂಬಿದರೆ ಗುಟ್ಟು ಉಳಿಯುತ್ತಾ? ಬದಲಿಯಾಗಿ ಹೋದವನು ಹೇಳಿದ ಗುರುತಿಗೇ ಒತ್ತುತ್ತಾನಾ? ಇವುಗಳಿಗೆ ಉತ್ತರ ಹುಡುಕಬೇಕು. ಉತ್ತರ ಕಷ್ಟ ಅಂತ ಹಕ್ಕನ್ನ ಕಾಗದದ ಮೇಲೇ ಬಿಡೋದು ನ್ಯಾಯ ಅಲ್ಲ.

ಒಂದು ಓಟಿಂದ ಏನಾಗುತ್ತೆ ಅಂತೀರಾ? 2004ರಲ್ಲಿ ನಮ್ಮದೇ ರಾಜ್ಯದ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಓಟಿನಿಂದ.

ಆ ಹುಡುಗನಿಗೆ ಹೇಳಿದೆ: "6ಎ ತುಂಬಪ್ಪ. ಪಟ್ಟಿಯಲ್ಲಿ ಹೆಸರಿದ್ದೋರು ಹೆಚ್ಚಿದಷ್ಟೂ ಕೇಳೋ ದನಿ ಗಟ್ಟಿಯಾಗುತ್ತೆ."

ಹಾಸನದಿಂದ ಬೆಂಗಳೂರಿಗೆ ಹೋಗಿ ಕೂತಿರೋ ನಮ್ಮವರಿಗೂ ಒಂದು ಮಾತು. ನಿಮಗೆ ವಿಮಾನ ಬೇಡ, ಬಸ್ಸು ಸಾಕು. ನೀವು ಹೋಗಿದ್ರಾ?