ತಂತಿ ಕಾಯಿದೆಯ ಉತ್ತರಾಧಿಕಾರ

2013ನೆಯ ಇಸವಿಯ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ಸಾವಿನ ಸುದ್ದಿಯನ್ನೂ ಉದ್ಯೋಗದ ನೇಮಕವನ್ನೂ ಒಂದೇ ಬಗೆಯ ಕಾಗದದಲ್ಲಿ ಹೊತ್ತು ತರುತ್ತಿದ್ದ ಆ ಸೇವೆಯ ಅಂತ್ಯವನ್ನು ಕುರಿತು ಪತ್ರಿಕೆಗಳು ಸಾಕಷ್ಟು ಬರೆದವು. ಆದರೆ ತಂತಿ ಹೋದರೂ ತಂತಿಯ ಕಾಯಿದೆ ಹೋಗಲಿಲ್ಲವೆಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬಂದಂತೆ ಕಾಣಲಿಲ್ಲ. 1885ರ ಭಾರತೀಯ ತಂತಿ ಕಾಯಿದೆಯ 5ನೆಯ ಕಲಮು, ಸಾರ್ವಜನಿಕ ತುರ್ತು ಪರಿಸ್ಥಿತಿ ಒದಗಿದಾಗ ಅಥವಾ ಸಾರ್ವಜನಿಕ ಸುರಕ್ಷತೆಯ ಹಿತಕ್ಕಾಗಿ ಸಂದೇಶಗಳನ್ನು ತಡೆಹಿಡಿಯುವ ಮತ್ತು ತಿಳಿದುಕೊಳ್ಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ದೂರವಾಣಿ ಬಂದಮೇಲೆ ಅದೇ ಕಲಮಿನ ಬಲದಿಂದ ದೂರವಾಣಿಯ ಮಾತುಗಳನ್ನು ಆಲಿಸಲಾಯಿತು. 2023ರ ದೂರಸಂಪರ್ಕ ಕಾಯಿದೆಯ 20ನೆಯ ಕಲಮು 2024ರ ಜೂನ್ 26ರಂದು ಜಾರಿಗೆ ಬಂದಾಗಲೂ ಆ ಎರಡು ಪದಪುಂಜಗಳು ಉಳಿದುಕೊಂಡವು. ಪದಗಳು ಹಳೆಯವು, ಅವು ಅನ್ವಯಿಸುವ ಲೋಕ ಮಾತ್ರ ಸಂಪೂರ್ಣ ಬೇರೆಯಾಗಿದೆ.

ಹಿಂದೆ ಒಂದು ಪತ್ರವನ್ನು ಒಡೆದು ಓದಬೇಕಾದರೆ ಒಬ್ಬ ಮನುಷ್ಯ ಬೇಕಾಗಿತ್ತು. ಅವನು ಲಕೋಟೆಯನ್ನು ಬಿಚ್ಚಿ, ಓದಿ, ನಕಲು ಮಾಡಿ, ಮತ್ತೆ ಅಂಟಿಸಬೇಕಾಗಿತ್ತು. ಈ ಶ್ರಮವೇ ಅಧಿಕಾರಕ್ಕೆ ಒಂದು ಸ್ವಾಭಾವಿಕ ಮಿತಿಯಾಗಿತ್ತು. ಶಾಸನ ಹಾಕದ ಎಲ್ಲೆಯನ್ನು ಕೈಕೆಲಸ ಹಾಕುತ್ತಿತ್ತು. ಹಾಗಿದ್ದರೂ 1986ರಲ್ಲಿ ಅಂಚೆ ಕಚೇರಿ ತಿದ್ದುಪಡಿ ಮಸೂದೆಯನ್ನು ಸಂಸತ್ತು ಅಂಗೀಕರಿಸಿ, ಪತ್ರಗಳನ್ನು ತಡೆಯುವ ಅಧಿಕಾರವನ್ನು ವಿಸ್ತರಿಸಹೊರಟಾಗ, ರಾಷ್ಟ್ರಪತಿ ಜೈಲ್ ಸಿಂಗ್ ಅವರು ಅದಕ್ಕೆ ಅಂಕಿತ ಹಾಕಲಿಲ್ಲ. ಆ ಮಸೂದೆ ಎಂದೂ ಕಾಯಿದೆಯಾಗಲಿಲ್ಲ. ಇಂದು ಸಂದೇಶದ ಪ್ರತಿಯನ್ನು ಯಂತ್ರವೇ ತೆಗೆಯುತ್ತದೆ. ಸೇವೆಯನ್ನು ನಡೆಸುವ ಕಂಪೆನಿಗೆ ಆಜ್ಞೆ ತಲುಪಿದರೆ ಸಾಕು. ಮಾತನಾಡುವವರಿಗೆ ಒಂದು ಸದ್ದೂ ಕೇಳಿಸದಂತೆ ಕೆಲಸ ನಡೆಯುತ್ತದೆ.

ಈ ವಿಷಯ ತರಗತಿಯಲ್ಲಿ ಬಂದಾಗಲೆಲ್ಲ ವಿದ್ಯಾರ್ಥಿಗಳು ಒಂದು ಆಕ್ಷೇಪವನ್ನು ತೆಗೆಯುವುದುಂಟು: ನಮ್ಮ ಸಂದೇಶಗಳು ಗೂಢಲಿಪಿಯಲ್ಲಿ ಸಾಗುತ್ತವೆಯಲ್ಲ, ಅವನ್ನು ಓದುವುದೆಂತು? ಆಕ್ಷೇಪ ನಿರಾಧಾರವಾದುದಲ್ಲ. ವಾಟ್ಸ್‌ಆ್ಯಪ್ ಮೊದಲಾದ ಸೇವೆಗಳಲ್ಲಿ 2016ರಿಂದೀಚೆಗೆ ಸಂದೇಶದ ಕೀಲಿಕೈ ಕಳುಹಿಸುವವನ ಮತ್ತು ಪಡೆಯುವವನ ಸಾಧನಗಳಲ್ಲಿ ಮಾತ್ರ ಇರುತ್ತದೆ; ನಡುವಿನ ಕಂಪೆನಿಗೂ ಅದು ದೊರೆಯದು. ಆದರೆ ಗೂಢಲಿಪಿ ಮುಚ್ಚುವುದು ಪತ್ರವನ್ನೇ ಹೊರತು ಲಕೋಟೆಯನ್ನಲ್ಲ. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಬಾರಿ ಬರೆದರು ಎಂಬ ವಿವರ ಹೊರಗೇ ಉಳಿಯುತ್ತದೆ. ರಾತ್ರಿ ಎರಡು ಗಂಟೆಗೆ ವೈದ್ಯರಿಗೆ, ಅನಂತರ ವಕೀಲರಿಗೆ, ಬೆಳಗ್ಗೆ ಪತ್ರಕರ್ತರಿಗೆ ಹೋದ ಕರೆಗಳ ಪಟ್ಟಿಯನ್ನು ನೋಡಿದವನಿಗೆ ಒಳಗಿನ ಮಾತು ಕೇಳಬೇಕೆಂಬ ಆವಶ್ಯಕತೆ ಅಷ್ಟಾಗಿ ಇರುವುದಿಲ್ಲ. ಇನ್ನು ಸಾಧನದ ಒಳಕ್ಕೇ ಗುಪ್ತವಾಗಿ ಪ್ರವೇಶಿಸುವ ತಂತ್ರಾಂಶಗಳ ಮುಂದಂತೂ ಗೂಢಲಿಪಿ ನಿರರ್ಥಕ. ಬೀಗ ಹಾಕುವ ಮೊದಲೇ, ಅಥವಾ ತೆಗೆದ ಮೇಲೆ, ಅವು ಓದುತ್ತವೆ.

ಇಷ್ಟು ಯಂತ್ರದ ಮಾತಾಯಿತು. ಆಜ್ಞೆಯನ್ನು ಯಾರು ಕೊಡುತ್ತಾರೆ, ಅದನ್ನು ಯಾರು ಪರೀಕ್ಷಿಸುತ್ತಾರೆ ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. 1988ರಲ್ಲಿ ರಾಜಕಾರಣಿಗಳ ದೂರವಾಣಿಯನ್ನು ಕದ್ದಾಲಿಸಲಾಯಿತೆಂಬ ಆರೋಪದ ನಡುವೆ ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ಕೆಲವು ವರ್ಷಗಳಲ್ಲಿ ಇಂಥದೇ ಆರೋಪಗಳು ರಾಷ್ಟ್ರಮಟ್ಟದಲ್ಲಿಯೂ ಎದ್ದು, ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯ ಅರ್ಜಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1996ರ ಡಿಸೆಂಬರ್ 18ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ, ಮನೆಯಲ್ಲಿಯೋ ಕಚೇರಿಯಲ್ಲಿಯೋ ಕುಳಿತು ದೂರವಾಣಿಯಲ್ಲಿ ಆಡುವ ಖಾಸಗಿ ಮಾತು ಸಂವಿಧಾನದ 21ನೆಯ ಅನುಚ್ಛೇದದ ರಕ್ಷಣೆಗೆ ಒಳಪಟ್ಟದ್ದೆಂದು ಸಾರಿತು. ಆಜ್ಞೆಯನ್ನು ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು. ಅದು ಎರಡು ತಿಂಗಳಿಗೆ ಮುಗಿಯಬೇಕು, ಮುಂದುವರಿಸಿದರೂ ಆರು ತಿಂಗಳನ್ನು ಮೀರಕೂಡದು. ಒಂದು ಪರಿಶೀಲನಾ ಸಮಿತಿ ಎರಡು ತಿಂಗಳೊಳಗೆ ಅದನ್ನು ನೋಡಬೇಕು. ಇವು ಆ ತೀರ್ಪಿನ ಮುಖ್ಯ ವಿಧಿಗಳು. ಆದರೆ ಆಜ್ಞೆಗೆ ಮೊದಲೇ ನ್ಯಾಯಾಧೀಶರ ಒಪ್ಪಿಗೆ ಬೇಕೆಂಬ ವಾದವನ್ನು, ಶಾಸನದಲ್ಲಿ ಅದಕ್ಕೆ ಆಧಾರವಿಲ್ಲವೆಂಬ ಕಾರಣದಿಂದ, ನ್ಯಾಯಾಲಯ ಒಪ್ಪಲಿಲ್ಲ. 2007ರ 419ಎ ನಿಯಮ ಈ ವ್ಯವಸ್ಥೆಗೆ ಶಾಸನರೂಪವನ್ನು ಕೊಟ್ಟಿತು. ಕೇಂದ್ರದ ಪರಿಶೀಲನಾ ಸಮಿತಿಗೆ ಸಂಪುಟ ಕಾರ್ಯದರ್ಶಿ ಅಧ್ಯಕ್ಷರು, ಉಳಿದವರೂ ಕಾರ್ಯದರ್ಶಿಗಳೇ. ಸರ್ಕಾರದ ಆಜ್ಞೆಯನ್ನು ಸರ್ಕಾರವೇ ಪರೀಕ್ಷಿಸುವ ಈ ಏರ್ಪಾಡು 2024ರ ನಿಯಮಗಳಲ್ಲಿಯೂ ಬದಲಾಗಲಿಲ್ಲ.

ಅಂತರಜಾಲದ ವಿಷಯದಲ್ಲಿ ಹಿಡಿತ ಇನ್ನೂ ಸಡಿಲವಾಯಿತು. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಕಲಮು, 2008ರ ತಿದ್ದುಪಡಿಯಿಂದೀಚೆಗೆ, ತುರ್ತು ಪರಿಸ್ಥಿತಿಯನ್ನಾಗಲಿ ಸಾರ್ವಜನಿಕ ಸುರಕ್ಷತೆಯನ್ನಾಗಲಿ ಪೂರ್ವಷರತ್ತಾಗಿ ಕೇಳುವುದಿಲ್ಲ. ಯಾವುದೇ ಅಪರಾಧದ ತನಿಖೆಗೂ ಅದು ಅವಕಾಶ ಕೊಡುತ್ತದೆ. ವಸಾಹತು ಸರ್ಕಾರ ತನಗೆ ತಾನೇ ಹಾಕಿಕೊಂಡಿದ್ದ ಷರತ್ತನ್ನು ಸ್ವತಂತ್ರ ಭಾರತದ ಸಂಸತ್ತು ಬಿಟ್ಟುಕೊಟ್ಟದ್ದು ವಿಚಿತ್ರವೇ ಸರಿ.

ಪರಿಶೀಲನೆ ಎಷ್ಟರ ಮಟ್ಟಿಗೆ ನಡೆಯಬಲ್ಲುದೆಂಬುದಕ್ಕೆ 2018ರ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿಯ ವರದಿಯಲ್ಲಿ ಒಂದು ಲೆಕ್ಕವಿದೆ. ಎರಡು ತಿಂಗಳಿಗೊಮ್ಮೆ ಸೇರುವ ಸಮಿತಿ ಪ್ರತಿ ಸಭೆಯಲ್ಲಿಯೂ 15,000ದಿಂದ 18,000 ಆಜ್ಞೆಗಳನ್ನು ನೋಡಬೇಕಾಗುತ್ತದೆಂದು ಅದು ಹೇಳಿ, ಇದು ವಾಸ್ತವಕ್ಕೆ ಹೊಂದದ ಕೆಲಸವೆಂದು ಅಭಿಪ್ರಾಯಪಟ್ಟಿತು. ಕಾರ್ಯದರ್ಶಿಗಳು ಬೇರೆಲ್ಲ ಕೆಲಸವನ್ನು ಬದಿಗಿಟ್ಟು ಎಂಟು ಗಂಟೆಗಳ ಕಾಲ ಎಡೆಬಿಡದೆ ಕುಳಿತರೂ ಒಂದೊಂದು ಆಜ್ಞೆಗೆ ಎರಡು ಸೆಕೆಂಡುಗಳೂ ದೊರೆಯುವುದಿಲ್ಲ.

ಹಾಗಾದರೆ ನೊಂದವನು ನ್ಯಾಯಾಲಯಕ್ಕೆ ಹೋಗಬಹುದಲ್ಲ ಎನ್ನಬಹುದು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದ್ದು ಎಲ್ಲರಿಗೂ ತಿಳಿದದ್ದೇ. ಆ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು; 2024ರಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆದರೆ ಪುಟ್ಟಸ್ವಾಮಿಯವರು ಪ್ರಶ್ನಿಸಿದ ಆಧಾರ್ ಯೋಜನೆ ಎಲ್ಲರ ಕಣ್ಣೆದುರಿಗಿದ್ದಿತು. ಕದ್ದಾಲಿಕೆಯ ಆಜ್ಞೆ ಹಾಗಲ್ಲ. ಅದು ತನ್ನ ಮೇಲೆ ಹೊರಟಿತೆಂಬುದು ಸಂಬಂಧಪಟ್ಟವನಿಗೆ ಆಗಲೂ ತಿಳಿಯುವುದಿಲ್ಲ, ಮುಗಿದ ಮೇಲೂ ತಿಳಿಯುವುದಿಲ್ಲ. ತಿಳಿಸಬೇಕೆಂಬ ವಿಧಿಯೇ ನಮ್ಮ ನಿಯಮಗಳಲ್ಲಿಲ್ಲ. ನಮ್ಮ ಹಕ್ಕಿನ ದುರ್ಬಲ ಭಾಗವಿರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ತೊಂದರೆಯ ಸುಳಿವು ಸಿಕ್ಕವರಿಗೂ ಹೆಚ್ಚಿನ ಪ್ರಯೋಜನವಾಗಿಲ್ಲ. ಪೆಗಾಸಸ್ ತಂತ್ರಾಂಶದ ಆರೋಪವನ್ನು ವಿಚಾರಿಸಲು 2021ರಲ್ಲಿ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ನೇಮಕವಾದ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ, 5ರಲ್ಲಿ ದುಷ್ಟ ತಂತ್ರಾಂಶವನ್ನು ಕಂಡಿತು. ಅದು ಪೆಗಾಸಸ್ಸೇ ಎಂದು ಸ್ಥಾಪಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ತಿಳಿಸಿರುವುದನ್ನು 2022ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ನ್ಯಾಯಾಲಯದಲ್ಲಿ ಹೇಳಿದರು.

ಬರೆದುದನ್ನು ಮರೆಮಾಡುವ ಆಜ್ಞೆಗಳಲ್ಲಿಯೂ ಇದೇ ಗೌಪ್ಯ ತಲೆಹಾಕುತ್ತದೆ. 69ಎ ಕಲಮಿನ ಕೆಳಗೆ ಬರಹಗಳನ್ನು ತಡೆಯುವ 2009ರ ನಿಯಮಗಳಲ್ಲಿ 16ನೆಯದು ಕಟ್ಟುನಿಟ್ಟಾದ ಗೋಪ್ಯತೆಯನ್ನು ವಿಧಿಸುತ್ತದೆ. ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮನ್ನು ಎತ್ತಿಹಿಡಿದದ್ದು, ಕಾರಣಗಳನ್ನು ಬರೆದಿಡಬೇಕು, ಅವನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸಬಹುದು ಎಂಬ ರಕ್ಷಣೆಗಳನ್ನು ನೆಚ್ಚಿ. ಬೆಂಗಳೂರಿನಲ್ಲಿ ಟ್ವಿಟರ್ ಕಂಪೆನಿ ಇಂಥ ಆಜ್ಞೆಗಳನ್ನು ಪ್ರಶ್ನಿಸಲು ಶಕ್ತವಾದುದು ಆಜ್ಞೆಗಳು ಅದರ ಕೈಗೇ ಬಂದಿದ್ದರಿಂದ. 2023ರ ಜೂನ್ 30ರಂದು ಕರ್ನಾಟಕ ಉಚ್ಚ ನ್ಯಾಯಾಲಯ ಆ ಅರ್ಜಿಯನ್ನು 50 ಲಕ್ಷ ರೂಪಾಯಿಗಳ ದಂಡದೊಡನೆ ವಜಾ ಮಾಡಿತು. ಬರಹವನ್ನು ಬರೆದವರಿಗಾದರೋ ಕಾರಣಗಳ ಪ್ರತಿ ಕೈಸೇರುವುದು ಕಷ್ಟ.

ಗೌಪ್ಯದ ಪಕ್ಷದಲ್ಲಿಯೂ ಬಲವಾದ ಕಾರಣವಿದೆ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗದು. ಬಾಂಬಿಡಲು ಹೊರಟವನಿಗೆ ಅವನ ಮಾತನ್ನು ಕೇಳುತ್ತಿದ್ದೇವೆಂದು ಮುಂದಾಗಿ ತಿಳಿಸುವ ಸರ್ಕಾರವಿಲ್ಲ. ಆದರೆ ಮುಗಿದ ಮೇಲೆ? ಪಶ್ಚಿಮ ಜರ್ಮನಿ 1968ರಲ್ಲಿ ಇಂಥದೇ ಕಾಯಿದೆಯನ್ನು ಮಾಡಿದಾಗ, ಅಲ್ಲಿನ ಸಂವಿಧಾನ ನ್ಯಾಯಾಲಯ 1970ರಲ್ಲಿ, ಉದ್ದೇಶಕ್ಕೆ ಹಾನಿಯಾಗದ ಸ್ಥಿತಿ ಬಂದೊಡನೆ ಸಂಬಂಧಪಟ್ಟವನಿಗೆ ತಿಳಿಸತಕ್ಕದ್ದೆಂದು ಹೇಳಿತು. ಬ್ರಿಟನ್ನಿನ 2016ರ ಕಾಯಿದೆ ಮಂತ್ರಿಯ ಆಜ್ಞೆಗೆ ನ್ಯಾಯಾಂಗದ ಆಯುಕ್ತರ ಒಪ್ಪಿಗೆಯನ್ನೂ ಬೇಡುತ್ತದೆ. ನಮ್ಮಲ್ಲಿಯೇ ಅನುರಾಧಾ ಭಾಸಿನ್ ಮೊಕದ್ದಮೆಯಲ್ಲಿ, 2020ರ ಜನವರಿ 10ರಂದು, ಅಂತರಜಾಲವನ್ನು ನಿಲ್ಲಿಸುವ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಪ್ರಕಟಣೆಯಿಂದ ಆಡಳಿತ ಕುಸಿಯಲಿಲ್ಲ.

ಇನ್ನೊಂದು ಅಂಶವನ್ನು ಇಲ್ಲಿ ಸೂಚಿಸಬೇಕು. 2007ರ ನಿಯಮದ ಪ್ರಕಾರ, ಕೆಲಸಕ್ಕೆ ಬೇಕಾಗಿಲ್ಲದ ಆಜ್ಞೆಗಳ ಮತ್ತು ಆಲಿಸಿದ ಮಾತುಗಳ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಮಾಡಬೇಕಾಗಿತ್ತು. ಖಾಸಗಿ ಮಾತು ಕಡತಗಳಲ್ಲಿ ಉಳಿಯದಿರಲೆಂಬುದು ಅದರ ಸದುದ್ದೇಶ. ಆದರೆ ಅದೇ ಬೆಂಕಿಯಲ್ಲಿ ಆಜ್ಞೆಯ ಕಾಗದವೂ ಸುಟ್ಟುಹೋಗುತ್ತಿತ್ತು. ಏಳನೆಯ ತಿಂಗಳಿನಲ್ಲಿ ಯಾರಾದರೂ ಅನುಮಾನದಿಂದ ಬಂದು ಕೇಳಿದರೆ ಅವರಿಗೆ ತೋರಿಸಲು ಕಚೇರಿಯಲ್ಲಿ ಏನೂ ಇರುತ್ತಿರಲಿಲ್ಲ.